‘ಅವೇಟ್’ಗೆ ‘ಕಾಯು’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮುಗಿಸಿದ ಮಕ್ಕಳಿಗಾಗಿ, ವೆಬ್ ಪುಟಗಳಿಗೆ ಕೋಡ್ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟಿನ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೈಲ್ ಪೂರ್ತಿ ಡೌನ್‌ಲೋಡ್ ಆಗುವ ತನಕ ಕೋಡ್ ಮುಂದೆ ಓಡದ ಹಾಗೆ ಮಾಡುವ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕೋಡ್ ಸರಿಯಾಗಿದೆ, ತೊಡಕು ಕನ್ನಡದ್ದು.

ಒಂದು ಕೆಲಸ ಮುಗಿಯುವ ತನಕ ಕೋಡನ್ನು ತಡೆದು ನಿಲ್ಲಿಸುವ ‘ಅವೇಟ್’ ಅನ್ನುವ ಪದ ಜಾವಾಸ್ಕ್ರಿಪ್ಟಿಗೆ ಬಂದದ್ದು 2017ರಲ್ಲಿ. ನಾನು ‘ಪ್ರೋಗ್ರಾಂ ಇಲ್ಲಿ ಕಾಯುತ್ತದೆ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು, “ಬಿಸಿ ಆಗುತ್ತಾ?” ಎಂದು ಕೇಳಿದರು. ತಮಾಷೆ ನಿಜ, ಆದರೆ ತಪ್ಪಲ್ಲ. ನೀರು ಕಾಯುತ್ತದೆ, ಹೆಂಚು ಕಾಯುತ್ತದೆ, ಹುಡುಗ ದನ ಕಾಯುತ್ತಾನೆ, ನಾವು ಬಸ್ಸಿಗೆ ಕಾಯುತ್ತೇವೆ. ‘ಕಂಪ್ಯೂಟರ್ ಕಾಯುತ್ತಿದೆ’ ಅಂದರೆ ಮೊದಲು ಫ್ಯಾನ್ ಕಡೆಗೇ ಗಮನ ಹೋಗುವುದು, ಅಲ್ವಾ?

ಇನ್ನೊಂದು ಸ್ವಾರಸ್ಯ ಇದೆ. ಹೊಸಬರು ‘ಮುಗೀತಾ, ಮುಗೀತಾ’ ಎಂದು ವೈಲ್ ಲೂಪಿನಲ್ಲಿ, ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಸುತ್ತಿನಲ್ಲಿ, ಸುತ್ತುತ್ತಲೇ ಇರುವ ಕೋಡ್ ಬರೆಯುತ್ತಾರೆ. ಆಗ ಪ್ರೊಸೆಸರ್ ಸುಮ್ನೆ ದುಡಿದು ನಿಜಕ್ಕೂ ಬಿಸಿಯಾಗುತ್ತದೆ. ಕಾಯುವುದರ ಎರಡು ಅರ್ಥವೂ ಒಟ್ಟಿಗೆ ನಿಜವಾಗುವುದು ಅಲ್ಲಿ ಮಾತ್ರ! ಜಾವಾಸ್ಕ್ರಿಪ್ಟಿನಲ್ಲಂತೂ ಇದು ಕೊನೆಯೇ ಇಲ್ಲದ ಪಾಡು. ಕೆಲಸ ಮಾಡುವ ಎಳೆ ಒಂದೇ. ಅದನ್ನು ಲೂಪ್ ಹಿಡಿದುಕೊಂಡರೆ ‘ಡೌನ್‌ಲೋಡ್ ಆಯ್ತು’ ಎಂಬ ಸುದ್ದಿ ಒಳಗೆ ಬರುವುದಕ್ಕೇ ಜಾಗ ಇರುವುದಿಲ್ಲ. ಬಾಗಿಲಿಗೆ ಅಡ್ಡ ನಿಂತುಕೊಂಡು ‘ನೆಂಟರು ಬಂದ್ರಾ, ಬಂದ್ರಾ’ ಎಂದು ಕೇಳಿದ ಹಾಗೆ.

ಇದಕ್ಕೆ ‘ಕಾದು ಕೂರು’ ಚೆನ್ನಾಗಿ ಒಪ್ಪುತ್ತದೆ. ಆದರೆ ಅವೇಟ್ ಹಾಗಲ್ಲ. ಅದು ತಾನಿರುವ ಫಂಕ್ಷನ್ನನ್ನು, ಅಂದರೆ ಕೋಡಿನ ಆ ಒಂದು ತುಣುಕನ್ನು, ಮಾತ್ರ ನಿಲ್ಲಿಸುತ್ತದೆ. ಅಷ್ಟರಲ್ಲಿ ಪುಟದ ಬಟನ್ ಒತ್ತಬಹುದು, ಮೇಲೆ ಕೆಳಗೆ ಸರಿಸಬಹುದು. ಕುಕ್ಕರ್ ಇಟ್ಟವರು ಅದರ ಮುಂದೆ ಕಾದು ಕೂರುವುದಿಲ್ಲ. ಸೀಟಿಗೆ ಕಿವಿ ಕೊಟ್ಟು ತರಕಾರಿ ಹೆಚ್ಚುತ್ತಾರೆ. ಈ ‘ಕಿವಿ ಕೊಟ್ಟಿರುವ’ ಕಾಯುವಿಕೆಗೆ ಕನ್ನಡದಲ್ಲಿ ಒಂದೇ ಪದ ಇದೆಯೇ? ಪರದೆಗಳ ಮೇಲೆ ಕಾಣುವ ‘ದಯವಿಟ್ಟು ನಿರೀಕ್ಷಿಸಿ’ ನನಗೆ ಹಿಡಿಸಿದ್ದಿಲ್ಲ. ಮಳೆಯನ್ನು ನಿರೀಕ್ಷಿಸುತ್ತೇವೆ, ಬಂದರೂ ಬರಬಹುದು, ಬಾರದೆಯೂ ಇರಬಹುದು. ಹಾಗೆ ನೋಡಿದರೆ ಡೌನ್‌ಲೋಡೂ ಹಾಗೇ. ಇದನ್ನು ಬರೆಯುತ್ತಾ ಬರೆಯುತ್ತಾ ಆ ಪದದ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಎರಡನೆಯ ತೊಡಕು ‘ಮುಗಿಯಿತು’ ಅನ್ನುವುದರದ್ದು. ಸರ್ವರಿನಿಂದ ಫೈಲ್ ತರಿಸುವ ಆಜ್ಞೆ ‘ಫೆಚ್’. ‘ಅವೇಟ್ ಫೆಚ್’ ಎಂದು ಬರೆದು, ಫೈಲ್ ಬಂತು ಅಂದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಹೊತ್ತಿಗೆ ಬಂದಿರುವುದು ಸರ್ವರಿನ ಉತ್ತರದ ತಲೆಬರಹ ಮಾತ್ರ. ಒಡಲು, ಅಂದರೆ ಫೈಲೇ, ಇನ್ನೂ ದಾರಿಯಲ್ಲೇ ಇರಬಹುದು. ಅದನ್ನು ‘ಬ್ಲಾಬ್’ (ಫೈಲಿನ ಪೂರ್ತಿ ಡೇಟಾದ ಗಂಟು) ಎಂದು ಓದಿಕೊಳ್ಳಲು ಇನ್ನೊಂದು ಅವೇಟ್ ಬೇಕು. ಮದುವೆ ಮನೆಯಲ್ಲಿ ‘ದಿಬ್ಬಣ ಬಂತು’ ಅಂದಾಗ ಬಂದಿರುವುದು ಮೊದಲ ಬಸ್ಸು ಅಷ್ಟೇ. ‘ಎಲ್ಲರೂ ಬಂದಾಯ್ತಾ?’ ಎಂದು ಅಡುಗೆಯವರು ಮತ್ತೆ ಕೇಳುತ್ತಾರೆ. ‘ಬಂತು’, ‘ಬಂದಾಯ್ತು’ ಎಂಬ ಈ ಜೋಡಿಯನ್ನೇ ಪಾಠದಲ್ಲಿ ಬಳಸಲೇ? ಬರಹದಲ್ಲಿ ‘ಬಂದಾಯ್ತು’ ತೀರಾ ಆಡುಮಾತು ಅನ್ನಿಸುತ್ತದೆಯೇ?

ಸರ್ವರ್ ‘404, ಫೈಲ್ ಇಲ್ಲ’ ಅಂದರೂ ಫೆಚ್ ತನ್ನ ಮಟ್ಟಿಗೆ ಕೊಟ್ಟ ಮಾತು ಈಡೇರಿತು ಎಂದೇ ಹೇಳುತ್ತದೆ. ಫಲಿತಾಂಶ ಆಮೇಲೆ ಕೊಡುತ್ತೇನೆ ಎಂದು ಕೋಡ್ ಕೊಡುವ ಭರವಸೆಗೆ ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್ ಎಂದು ಹೆಸರು, ಅದಕ್ಕೆ ‘ಮಾತು’ ಎಂದಿಟ್ಟುಕೊಂಡಿದ್ದೇನೆ. ‘ಈಡೇರಿತು’, ‘ತಪ್ಪಿತು’ ಎರಡೂ ಸಲೀಸಾಗಿ ಕೂರುತ್ತವೆ. ‘ಮುಗಿಯಿತು’ ಎಂಬುದನ್ನು ಈ ಎರಡಕ್ಕೂ ಒಟ್ಟಾಗಿ ಇಟ್ಟಿದ್ದೇನೆ. ‘ಅವನ ಕಥೆ ಮುಗೀತು’ ಅನ್ನುವಾಗ ಒಳ್ಳೆಯದಾಯ್ತು ಎಂದೇನೂ ಅಲ್ಲವಲ್ಲ.

ಕೊನೆಗೆ ಒಂದು ಅನುಮಾನ. ‘ಫೈಲನ್ನು ಇಳಿಸಿ ತೆರೆ’ ಅಂದರೆ ಮೊದಲು ಇಳಿಸಬೇಕು, ಅದು ಆದ ಮೇಲೆಯೇ ತೆರೆಯಬೇಕು. ‘ಇಳಿಸುತ್ತಾ ತೆರೆ’ ಅಂದರೆ ಬಂದಷ್ಟು ಬಂದ ಹಾಗೆ. ವಿಡಿಯೊ ನೋಡುವಾಗ ಆಗುವುದು ಇದೇ. ಇಂಗ್ಲಿಷಿನವರು ಒಂದು ಬೇರೆ ಪದ ಇಟ್ಟು ಹೇಳುವುದನ್ನು ನಮ್ಮ ‘ಇಳಿಸಿ’ಯ ಕೊನೆಯ ‘ಇ’ ಒಂದೇ ಹೇಳಿಬಿಡುತ್ತದೆ. ಹಾಗಾದರೆ ವಿವರಣೆಯಲ್ಲಿ ‘ಕಾಯು’ ಬೇಕೇ ಬೇಕೇ? ನಾನು ಬರೆದ ಸಾಲು ಇದು: ‘ಫೈಲ್ ಪೂರ್ತಿ ಇಳಿಯದೆ ಮುಂದಿನ ಸಾಲಿಗೆ ಹೋಗಬೇಡ.’ ಕಾಯು ಇಲ್ಲ, ತನಕ ಇಲ್ಲ. ಆದರೂ ಎಲ್ಲ ಹೇಳಿದಂತಿದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಉತ್ತರ ಕರ್ನಾಟಕದವರು ‘ಹಾದಿ ನೋಡು’ ಅನ್ನುತ್ತಾರೆ. ಅದು ಯಂತ್ರಕ್ಕೆ ಒಪ್ಪುತ್ತದೆಯೇ ಎಂದು ಆ ಕಡೆಯವರೇ ಹೇಳಬೇಕು. ಡೌನ್‌ಲೋಡ್, ಫೈಲ್ ಎಂಬ ಹೆಸರುಗಳನ್ನು ಹಾಗೇ ಬಿಟ್ಟಿದ್ದೇನೆ, ‘ಇಳಿಸು’ ಬಂದಿರುವುದು ಕ್ರಿಯಾಪದವಾಗಿ ಮಾತ್ರ. ಕಡತದ ಜಗಳ ದಯವಿಟ್ಟು ಇನ್ನೊಂದು ದಿನಕ್ಕಿರಲಿ.