ಸಹಾಯ ಬೇಕು: ಶಿರಸಿ ಹತ್ತಿರ ಅಡಿಕೆಗೆ ಮದ್ದು ಹೊಡೆಯುವ ಕೊನೆಗೌಡರು

ಅಣ್ಣಂದಿರೇ, ಅಕ್ಕಂದಿರೇ, ನಮ್ಮವರು ಸೇನೆಯಲ್ಲಿದ್ದಾರೆ. ರಜೆಗೆ ಬಂದವರನ್ನು ನಡುವೆಯೇ ಗಡಿಗೆ ವಾಪಸ್ ಕರೆಸಿಕೊಂಡರು. ಈಗ ಫೋನ್ ಸಿಗುವುದೇ ಅಪರೂಪ. ಮನೆಯಲ್ಲಿ ಅತ್ತೆ, ಸಣ್ಣ ಮಗಳು, ಕೊಟ್ಟಿಗೆ, ತೋಟ ಎಲ್ಲ ನನ್ನ ಮೇಲಿದೆ.

ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯಲೇಬೇಕು. ಪ್ರತಿವರ್ಷ ಬರುತ್ತಿದ್ದ ಕೊನೆಗೌಡರಿಗೆ ಈಗ ಮರ ಹತ್ತಲು ಆಗುತ್ತಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟಿದ್ದೇನೆ. ತಲಾ 1 ಕಿಲೋಗೆ 100 ಲೀಟರ್ ನೀರು, ಕತ್ತಿ ಅದ್ದಿ ಕೆಂಪು ಕಟ್ಟುತ್ತದಾ ನೋಡುವುದು, ಕಟ್ಟಿದರೆ ಇನ್ನಷ್ಟು ಸುಣ್ಣ ಸೇರಿಸುವುದು, ಇದೆಲ್ಲ ನಾನೇ ಮಾಡುತ್ತೇನೆ. ಮರ ಹತ್ತುವವರು ಬೇಕು. ಕೆಳಗೇ ನಿಂತು ದೋಟಿಯಿಂದ (ಉದ್ದ ಕೋಲಿನಿಂದ) ಹೊಡೆಯುವವರಾದರೂ ಸರಿ. ಕಲಸಿದ್ದು ಅವತ್ತೇ ಮುಗಿಯಬೇಕು ಅಲ್ವಾ, ಹಾಗಾಗಿ ಬರುವ ದಿನ ಮೊದಲೇ ತಿಳಿಸಿ. ಊರಿನ ದರ ಕೊಡುತ್ತೇನೆ, ಊಟ ತಿಂಡಿ ನಮ್ಮಲ್ಲೇ. 40-45 ದಿನ ಬಿಟ್ಟು ಎರಡನೇ ಸಲವೂ ಬಂದರೆ ದೊಡ್ಡ ಉಪಕಾರ. ನಮ್ಮವರು ಊರಿಗೆ ಬರುವಾಗ ಮರದಲ್ಲಿ ಅಡಿಕೆ ಕೊನೆ (ಗೊಂಚಲು) ಇರಬೇಕು, ಅಷ್ಟೇ ನನ್ನ ಆಸೆ.

ಇನ್ನೊಂದು ವಿಷಯ. ಪಹಣಿ ಅವರ ಹೆಸರಿನಲ್ಲಿದೆ. ಬೆಳೆಸಾಲದ ಕಾಗದಕ್ಕೆ ಅವರ ಸಹಿಯೇ ಬೇಕಂತೆ. ಗಡಿಯಲ್ಲಿರುವವರಿಂದ ಅಧಿಕಾರ ಪತ್ರ ಮಾಡಿಸಿಕೊಂಡ ಸೈನಿಕರ ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ, ದಯವಿಟ್ಟು ಹೇಳಿ.