ಕರುಣೆಯ ಬಗ್ಗೆ ಶಿಕ್ಷಕರಿಗೆ ತರಬೇತಿ: ಒಂದು ದಿನದ ಕಾರ್ಯಾಗಾರ ಸಾಕಾ?

ಸೀಮೆಸುಣ್ಣ:
ಮಕ್ಕಳೊಂದಿಗೆ ಕರುಣೆಯಿಂದ ನಡೆದುಕೊಳ್ಳುವ ಬಗ್ಗೆ 16 ಶಿಕ್ಷಕರಿಗೆ ತರಬೇತಿ ಯೋಜಿಸಬೇಕಿದೆ. ಉಪನ್ಯಾಸ ಕೇಳಿ ಎಲ್ಲರೂ ತಲೆದೂಗುತ್ತಾರೆ, ಮುಂದಿನ ವಾರ ತರಗತಿ ಮತ್ತೆ ಮೊದಲಿನಂತೆ. ವರ್ಷವಿಡೀ ನಡೆಸುವುದು ಹೇಗೆ? "ಮೆತ್ತಗಾದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ" ಎನ್ನುವವರಿಗೆ ಏನು ಹೇಳುವುದು?

ಮೂರನೇ ಬೆಂಚು:
ಕರುಣೆ ಎಂಬ ದೊಡ್ಡ ವಿಷಯ ಬಿಟ್ಟು ಒಂದು ಸಂದರ್ಭ ಹಿಡಿಯಿರಿ. ಉದಾಹರಣೆಗೆ, ಹೋಂವರ್ಕ್ ಮಾಡದ ಮಗುವಿನ ಜೊತೆಗಿನ ಮೊದಲ ಅರ್ಧ ನಿಮಿಷ. ನಾಲ್ವರ ಗುಂಪು ಮಾಡಿ, ಎರಡು ವಾರಕ್ಕೊಮ್ಮೆ 45 ನಿಮಿಷ ಕೊಡಿ. ಒಬ್ಬರು ಮಗು, ಒಬ್ಬರು ಶಿಕ್ಷಕ, ಉಳಿದಿಬ್ಬರು ಆಡಿದ ಮಾತನ್ನು ಇದ್ದಂತೆಯೇ ಬರೆದುಕೊಳ್ಳಬೇಕು. "ಚೆನ್ನಾಗಿತ್ತು", "ಕಟುವಾಗಿತ್ತು" ಎಂಬ ತೀರ್ಪು ಬೇಡ. ಬರೆದದ್ದನ್ನು ಓದಿ, ಒಂದೇ ಒಂದು ವಾಕ್ಯ ಬದಲಿಸಿ ಮತ್ತೆ ಆಡಿ. ಎರಡನೇ ಸುತ್ತು ಬಿಟ್ಟರೆ ಅದು ಬರೀ ಹರಟೆ.

ಆಮೇಲೆ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರ ತರಗತಿಯಲ್ಲಿ 10 ನಿಮಿಷ ಕೂರಬೇಕು, ಅದೊಂದೇ ಅಂಶ ನೋಡಲು. ಶಿಕ್ಷಕರ ತರಬೇತಿಯ ಸಂಶೋಧಕರಾದ ಜಾಯ್ಸ್ ಮತ್ತು ಶವರ್ಸ್ 1980ರ ದಶಕದಲ್ಲೇ ತೋರಿಸಿದ್ದು ಇದನ್ನೇ: ವಿವರಣೆ, ಪ್ರಾತ್ಯಕ್ಷಿಕೆ, ಅಭ್ಯಾಸ ಎಲ್ಲ ಆದರೂ ತರಗತಿಯೊಳಗೆ ಜೊತೆಗಾರರ ಒತ್ತಾಸೆ ಇಲ್ಲದಿದ್ದರೆ ಕಲಿತದ್ದು ಬಳಕೆಗೆ ಬರುವುದು ಕಷ್ಟ.

ಕೆಡುವುದು ಎಲ್ಲಿ ಅಂದರೆ, ಹೀಗೆ ಕೂತು ನೋಡಿ ಬರೆದ ಟಿಪ್ಪಣಿ ಮುಖ್ಯ ಶಿಕ್ಷಕರ ಮೇಜಿಗೆ ಹೋದಾಗ. ಅಂದಿನಿಂದ ಎಲ್ಲರೂ ನಾಟಕ ಶುರುಮಾಡುತ್ತಾರೆ. ಟಿಪ್ಪಣಿ ಜೋಡಿಯೊಳಗೇ ಇರಲಿ.

ಹಾಜರಿ ಪುಸ್ತಕ:
ಶಿಸ್ತಿನ ಪ್ರಶ್ನೆಗೆ: ನಿಯಮ ಹಾಗೆಯೇ ಇರಲಿ, ಮಾತು ಬದಲಾಗಲಿ. ತಡವಾಗಿ ಬಂದ ಮಗುವನ್ನು ಎಲ್ಲರೆದುರು ವಿಚಾರಿಸದೆ ಕೂರಿಸಿ, ಪಾಠ ಮುಂದುವರಿಸಿ. ಪಿರಿಯಡ್ ಮುಗಿದ ಮೇಲೆ "ಯಾಕೆ ತಡ?" ಬದಲು "ಬೆಳಿಗ್ಗೆ ಏನಾಯಿತು?" ಎನ್ನಿ. ಮೊದಲನೆಯದು ಸಮರ್ಥನೆ ಬೇಡುತ್ತದೆ, ಎರಡನೆಯದು ವಿವರ. ತಪ್ಪಿದ ಪಾಠವನ್ನು ಮಗು ಬರೆದು ಮುಗಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಆಕ್ಷೇಪಿಸುವವರಿಗೆ 2016ರ ಒಂದು ಅಧ್ಯಯನ ತೋರಿಸಬಹುದು. ಒಕೊನೊಫುವಾ ಮತ್ತು ಸಂಗಡಿಗರು ಅಮೆರಿಕದ ಐದು ಶಾಲೆಗಳ 31 ಗಣಿತ ಶಿಕ್ಷಕರಲ್ಲಿ ಒಂದು ಗುಂಪಿಗೆ ಆನ್‌ಲೈನ್‌ನಲ್ಲಿ ಎರಡು ಚಿಕ್ಕ ಅಭ್ಯಾಸ ಕೊಟ್ಟರು. ಮಗುವಿನ ಕಡೆಯಿಂದ ನೋಡಿ ಶಿಸ್ತು ಕಾಯುವುದು ಹೇಗೆ ಎಂದು ಓದಿ ಬರೆಯುವುದಷ್ಟೇ. ಆ ವರ್ಷ ಅಮಾನತಾದ ಮಕ್ಕಳ ಪ್ರಮಾಣ ಹೋಲಿಕೆ ಗುಂಪಿನಲ್ಲಿ ಶೇ. 9.6, ಇವರ ವಿದ್ಯಾರ್ಥಿಗಳಲ್ಲಿ ಶೇ. 4.8. ಎಲ್ಲ ಕಡೆ ಇದೇ ಫಲ ಸಿಗುತ್ತದೆ ಅಂತಲ್ಲ, ಆದರೆ ಮಕ್ಕಳು ತಲೆ ಮೇಲಂತೂ ಕೂರಲಿಲ್ಲ.

ಕೊನೆ ಗಂಟೆ:
ಶಿಕ್ಷಕರ ದಣಿವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಗುವಿನ ನೋವನ್ನು ತಾನೂ ಅನುಭವಿಸುತ್ತಾ ಕೂತರೆ ಮನಸ್ಸು ಬಳಲುತ್ತದೆ. ನೆರವಾಗುವ ಇಚ್ಛೆ ಬೇರೆಯದೇ ಸ್ಥಿತಿ, ಅದನ್ನು ಅಭ್ಯಾಸದಿಂದ ಬೆಳೆಸಬಹುದು ಎಂದು ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಅವರ ಸಂಶೋಧನೆ ಹೇಳುತ್ತದೆ. ಹಾಗಾಗಿ ಪ್ರತಿ ಅಭ್ಯಾಸವೂ "ಈಗ ನಾನು ಮಾಡಬಹುದಾದ ಒಂದು ಕೆಲಸ ಯಾವುದು?" ಎಂಬಲ್ಲಿಗೆ ಬರಲಿ. ದೌರ್ಜನ್ಯದ ಸುಳಿವಿದ್ದರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬಾರದು. ಯಾರಿಗೆ ತಿಳಿಸಬೇಕೆಂಬುದು ಮೊದಲೇ ಬರೆದಿಟ್ಟಿರಲಿ.

ಇನ್ನು, ಈ 45 ನಿಮಿಷ ವೇಳಾಪಟ್ಟಿಯೊಳಗೇ ಇರಬೇಕು. ಶಾಲೆ ಬಿಟ್ಟ ಮೇಲೆ ಕೂರಿಸಿ ಕರುಣೆ ಕಲಿಸುವುದು ಯಾವ ನ್ಯಾಯ?

ಸೀಮೆಸುಣ್ಣ:
ಸರಿ. ಫಲ ಅಳೆಯುವುದು ಹೇಗೆ? ಶಿಕ್ಷಕರಿಗೆ ಅಂಕ ಕೊಡುವುದಾ?

ಮೂರನೇ ಬೆಂಚು:
ಅಂಕ ಬೇಡವೇ ಬೇಡ. ತರಗತಿಯಿಂದ ಹೊರಗೆ ಕಳಿಸಿದ ಸಲಗಳನ್ನು ತಿಂಗಳಿಗೊಮ್ಮೆ ಎಣಿಸಿ, ಯಾವ ಪಿರಿಯಡ್ ಅಂತಲೂ ಗುರುತಿಸಿ. ಮಕ್ಕಳಿಗೆ ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ: "ತೊಂದರೆ ಆದರೆ ಈ ಶಾಲೆಯಲ್ಲಿ ಯಾರಿಗೆ ಹೇಳುತ್ತೀಯಾ?" ಖಾಲಿ ಬಂದ ಚೀಟಿಗಳನ್ನು ಮೊದಲು ಎಣಿಸಿ.