ಸ್ಟುಗ್ 3 ಮಾಡೆಲ್: ವಾಷ್ ಹಾಕಿದ ಮರುದಿನವೇ ಐಡ್ಲರ್ ಚಕ್ರದ ಆಕ್ಸಲ್ ಮುರಿದಿದೆ, ಅಂಟು ನಿಲ್ಲುತ್ತಿಲ್ಲ

ಪೋಸ್ಟ್ 1 · ಸಾಗರದಿಂದ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ 1:35 ಅಳತೆಯ ಸ್ಟುಗ್ 3 ಜಿ (ಎರಡನೇ ಮಹಾಯುದ್ಧದ ಜರ್ಮನ್ ಫಿರಂಗಿ ಗಾಡಿ, ಟ್ಯಾಂಕಿನಂಥದ್ದು) ಪ್ಲಾಸ್ಟಿಕ್ ಕಿಟ್ ಕಟ್ಟುತ್ತಿದ್ದೇನೆ. ಜರ್ಮನ್ನರದ್ದಲ್ಲ, ಫಿನ್ಲೆಂಡಿನ ಗಾಡಿ ಮಾಡುವ ಆಸೆ. 1943ರಲ್ಲಿ 30, 1944ರಲ್ಲಿ 29, ಒಟ್ಟು 59 ಸ್ಟುಗ್‌ಗಳನ್ನು ಅವರು ಜರ್ಮನಿಯಿಂದ ತರಿಸಿಕೊಂಡಿದ್ದರಲ್ಲ, ಅವನ್ನು 'ಸ್ಟುರ್ಮಿ' ಎಂದು ಕರೆಯುತ್ತಿದ್ದರು. ಪಕ್ಕದ ತಗಡಿನ ಸ್ಕರ್ಟ್ ಬಿಚ್ಚಿ, ಮೇಲ್ಗೋಡೆಯ ಬದಿಗೆ ಮರದ ದಿಮ್ಮಿ ಕಟ್ಟಿದ ಗಾಡಿ.

ಬಣ್ಣ ಎಲ್ಲ ಮುಗಿದಿತ್ತು. ಶನಿವಾರ ಸಂಜೆ ಚಕ್ರಗಳ ಭಾಗಕ್ಕೆ ವಾಷ್, ಅಂದರೆ ಸಂದಿಗಳಲ್ಲಿ ಇಳಿಯುವ ತೆಳು ಬಣ್ಣ, ಹಾಕಿದೆ. ಕಂದು ಆಯಿಲ್ ಪೇಂಟನ್ನು ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್‌ನಲ್ಲಿ ನೀರಿನಷ್ಟು ತೆಳ್ಳಗೆ ಕದಡಿ, ಬ್ರಶ್ ತುಂಬಾ ಹಚ್ಚಿದ್ದೆ. ಭಾನುವಾರ ಬೆಳಿಗ್ಗೆ ನೋಡಿದರೆ ಬಲಗಡೆ ಹಿಂದಿನ ಐಡ್ಲರ್, ಅಂದರೆ ಟ್ರ್ಯಾಕಿನ ಕೊಂಡಿಪಟ್ಟಿ ಹಿಂದುಗಡೆ ಸುತ್ತಿ ಹೋಗುವ ಚಕ್ರ, ವಾಲಿ ನಿಂತಿದೆ. ಮುಟ್ಟಿದ್ದೇ ತಡ, ಆಕ್ಸಲ್ ತುಂಡಿನ ಸಮೇತ ಕೈಗೆ ಬಂತು. ಮತ್ತೆ ಪ್ಲಾಸ್ಟಿಕ್ ಅಂಟು ಹಾಕಿ ರಬ್ಬರ್ ಬ್ಯಾಂಡ್ ಬಿಗಿದು ಆರು ಗಂಟೆ ಬಿಟ್ಟೆ. ಬ್ಯಾಂಡ್ ತೆಗೆದ ಹತ್ತೇ ನಿಮಿಷಕ್ಕೆ ಬಿಟ್ಟುಕೊಂಡಿತು.

ಅಂಟಿನ ಬಾಟಲಿ ಒಂದು ವರ್ಷ ಹಳೆಯದು. ನಮ್ಮಲ್ಲಿ ಮಳೆ ಬಿಡುವೇ ಇಲ್ಲ, ಗೋಡೆ ಬೆವರುತ್ತಿದೆ. ತೇವದಿಂದ ಹೀಗಾಗುತ್ತದೆಯೇ? ದಯವಿಟ್ಟು ತಿಳಿದವರು ಹೇಳಿ, ಇಷ್ಟು ದೂರ ಬಂದು ಕೈಬಿಡಲು ಮನಸ್ಸಿಲ್ಲ.

ಪೋಸ್ಟ್ 2 · ಹುಬ್ಬಳ್ಳಿಯಿಂದ

ಸರ್, ಅಂಟು ಬದಲಿಸ್ರಿ. ಎರಡು ಟ್ಯೂಬ್ ಕಲಸಿ ಹಚ್ಚೋ ಅರಾಲ್ಡೈಟ್ ಹಾಕಿ ಒಂದು ದಿನ ಬಿಡ್ರಿ, ಕಲ್ಲಿನಂಗ ಕೂಡ್ತದ.

ಪೋಸ್ಟ್ 3 · ಬೆಂಗಳೂರಿನಿಂದ

ಅಂಟು ಬದಲಿಸುವ ಮುಂಚೆ ಮೂರು ವಿಷಯ ನೋಡಿ ಹೇಳಿ.

ಮೊದಲನೆಯದು, ಮುರಿದದ್ದು ನೀವು ಅಂಟು ಹಾಕಿದ್ದ ಜಾಗದಲ್ಲೋ, ಅದರಾಚೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲೋ? ಎರಡನೆಯದು, ಮುರಿದ ಮುಖ ಬಿಳಿಚಿಕೊಂಡು ಒರಟಾಗಿದೆಯೋ, ಗಾಜು ಒಡೆದಂತೆ ನುಣುಪಾಗಿದೆಯೋ? ಮೂರನೆಯದು, ಟ್ರ್ಯಾಕ್ ಒಂದೇ ಪಟ್ಟಿಯ ವಿನೈಲ್ ಆಗಿದ್ದರೆ ಅದನ್ನು ಬಿಚ್ಚಿ ಸ್ಕೇಲಿನ ಮೇಲೆ ಎಳೆಯದೆ ಚಾಚಿ ಉದ್ದ ಅಳೆಯಿರಿ. ಆಮೇಲೆ ಹೊಲಿಗೆ ದಾರವನ್ನು ಚಕ್ರಗಳ ಸುತ್ತ ಒಂದು ಸುತ್ತು ತಂದು ಅದನ್ನೂ ಅಳೆಯಿರಿ.

ತೇವದ ಅನುಮಾನ ಬಿಡಿ. ಈ ಕಿಟ್‌ಗಳ ಪಾಲಿಸ್ಟೈರೀನ್ ನೀರನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲ ಕಾಡುವುದು ಲ್ಯಾಕರ್ ಸ್ಪ್ರೇ ಮಾಡುವಾಗ. ದ್ರಾವಕ ಬೇಗ ಆರುತ್ತಾ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಅದು ಬೇರೆ ಕಾಯಿಲೆ.

ಪೋಸ್ಟ್ 4 · ಸಾಗರದಿಂದ

ನೋಡಿದೆ ಸರ್. ಅಂಟಿನ ಜಾಗ ಹಾಗೇ ಇದೆ, ಮುರಿದದ್ದು ಅದರಿಂದ ಎರಡು ಮಿಲಿಮೀಟರ್ ಆಚೆ. ಮುಖ ಗಾಜಿನಂತೆ ನುಣುಪು, ಹೊಳೆಯುತ್ತಿದೆ. ಟ್ರ್ಯಾಕ್ 308 ಮಿಮೀ, ದಾರ 316 ಮಿಮೀ. ಜೋಡಿಸುವಾಗ ಟ್ರ್ಯಾಕನ್ನು ತುಸು ಎಳೆದು ಹಾಕಿದ್ದು ನೆನಪಿದೆ.

ಪೋಸ್ಟ್ 5 · ಬೆಂಗಳೂರಿನಿಂದ

ಹಾಗಾದರೆ ನಿಮ್ಮ ಅಂಟಿನದು ಏನೂ ತಪ್ಪಿಲ್ಲ. ಎಳೆತ ಮತ್ತು ಟರ್ಪೆಂಟೈನ್ ಎರಡೂ ಸೇರಿ ಆಕ್ಸಲನ್ನು ಮುರಿದಿವೆ.

ಪಾಲಿಸ್ಟೈರೀನ್ ಸುಮ್ಮನೆ ಇರುವಾಗ ಟರ್ಪೆಂಟೈನ್ ಸೋಕಿದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಸ್ವಲ್ಪ ಎಳೆತವನ್ನೂ ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದರೆ ಆಗುವುದಿಲ್ಲ. ಎಳೆದು ಹಿಡಿದ ಜಾಗದಲ್ಲಿ ದ್ರಾವಕ ಅಣುಸರಪಳಿಗಳ ನಡುವೆ ನುಸುಳಿ ಕೂದಲೆಳೆಯ ಬಿರುಕು ತೆರೆಯುತ್ತದೆ, ಎಳೆತ ಆ ಬಿರುಕನ್ನು ಮುಂದಕ್ಕೆ ಒಯ್ಯುತ್ತದೆ. ನುಣುಪಾದ ಮುಖ ಅದರದ್ದೇ ಗುರುತು. ನಿಮ್ಮ ಚಕ್ರದ ಹಿಂದೆ ಆಕ್ಸಲಿಗೆ ಬಣ್ಣ ತಾಗಿರುವುದಿಲ್ಲ, ಬರಿ ಪ್ಲಾಸ್ಟಿಕ್ ಇರುತ್ತದೆ. ತುಂಬಿ ಹಚ್ಚಿದ ವಾಷ್ ಆ ಸಂದಿಯೊಳಗೆ ಇಳಿದು, ಗಾಳಿಯಾಡದೆ ರಾತ್ರಿಯಿಡೀ ನಿಂತಿದೆ. ನಂಬಿಕೆ ಬರದಿದ್ದರೆ ಎರಡು ತುಂಡು ಖಾಲಿ ಸ್ಪ್ರೂ (ಕಿಟ್‌ನ ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ) ತೆಗೆದುಕೊಳ್ಳಿ. ಒಂದನ್ನು ಬಿಲ್ಲಿನಂತೆ ಬಗ್ಗಿಸಿ ದಾರ ಕಟ್ಟಿ, ಇನ್ನೊಂದು ನೇರವಾಗಿರಲಿ. ಎರಡಕ್ಕೂ ಅದೇ ಟರ್ಪೆಂಟೈನ್ ಹಚ್ಚಿ ಮಲಗಿ.

ಎಳೆತ ಬಂದದ್ದು ಟ್ರ್ಯಾಕಿನಿಂದ. ನಿಜವಾದ ಸ್ಟುಗ್ 3ಕ್ಕೆ ಒಂದು ಬದಿಗೆ 93 ಕೊಂಡಿ, ಕೊಂಡಿಯಿಂದ ಕೊಂಡಿಗೆ 120 ಮಿಮೀ. ಒಟ್ಟು 11.16 ಮೀಟರ್. ಅದನ್ನು 35ರಿಂದ ಭಾಗಿಸಿದರೆ 319 ಮಿಮೀ. ನಿಮ್ಮ ದಾರದ 316ಕ್ಕಿಂತ ಮೂರು ಮಿಲಿಮೀಟರ್ ಹೆಚ್ಚಿದೆಯಲ್ಲ, ಅದೇ ಮೇಲ್ಭಾಗದ ಜೋಲು. ಭಾರದ ಉಕ್ಕಿನ ಸರಪಳಿ ಮೇಲ್ಭಾಗದ ಮೂರು ಚಿಕ್ಕ ಚಕ್ರಗಳ (ರಿಟರ್ನ್ ರೋಲರ್) ಮೇಲೆ ಕೂತು ನಡುನಡುವೆ ಇಳಿಬೀಳುತ್ತದೆ. ನಿಮ್ಮ 308ರ ಪಟ್ಟಿ ರಬ್ಬರ್ ಬ್ಯಾಂಡಿನಂತೆ ಹಗಲೂ ರಾತ್ರಿ ಐಡ್ಲರನ್ನು ಮುಂದಕ್ಕೆ ಜಗ್ಗುತ್ತಿತ್ತು. ಹುಬ್ಬಳ್ಳಿಯ ಸರ್ ಹೇಳಿದ ಅರಾಲ್ಡೈಟ್ ಗಟ್ಟಿಯೇ, ಆದರೆ ಜಗ್ಗಾಟ ಉಳಿದರೆ ಅಂಟಿನ ಪಕ್ಕದ ಪ್ಲಾಸ್ಟಿಕ್ ಮುರಿಯುತ್ತದೆ.

ಈಗ ರಿಪೇರಿ. ಎರಡು ದಿನ ಹಲ್ (ಗಾಡಿಯ ಕೆಳಮೈ) ಒಳಗೆ ಗಾಳಿಯಾಡಲಿ, ಕೆಳಗಡೆ ತೂತಿಲ್ಲದಿದ್ದರೆ ಕಾಣದ ಕಡೆ ಒಂದು ಕೊರೆಯಿರಿ. ಮುರಿದ ಎರಡೂ ಮುಖಗಳ ನಡುಮಧ್ಯಕ್ಕೆ ಸೂಜಿಯಿಂದ ಚುಕ್ಕೆ ಒತ್ತಿ, ಪಿನ್ ವೈಸ್‌ನಲ್ಲಿ (ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್) 0.8 ಮಿಮೀ ಬಿಟ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸುತ್ತಾ ನಾಲ್ಕೈದು ಮಿಲಿಮೀಟರ್ ಆಳ ಕೊರೆಯಿರಿ. ವೇಗವಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಹಿತ್ತಾಳೆ ತಂತಿ ತೂರಿಸಿ, ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಹಿಂದಿನಿಂದ ನೋಡಿದಾಗ ಐಡ್ಲರ್, ಆರು ನೆಲಚಕ್ರ, ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್) ಒಂದೇ ಗೆರೆಯಲ್ಲಿರಬೇಕು. ಸರಿಯಿದ್ದರೆ ಮಾತ್ರ ಫೆವಿಕ್ವಿಕ್ ಒಂದು ಹನಿ.

ಮುಂದೆ ವಾಷ್ ಹಾಕುವಾಗ ಬ್ರಶ್ಶಿನ ತುದಿಯಲ್ಲಿ ಬೋಲ್ಟ್ ಸುತ್ತ, ಸಂದಿಯಲ್ಲಿ ಮಾತ್ರ ತಾಗಿಸಿ. ಚಕ್ರದ ಭಾಗಕ್ಕೆ ನೀರಿನ ಅಕ್ರಿಲಿಕ್ ವಾಷ್ ಇನ್ನೂ ಕ್ಷೇಮ. ಅಂಗಡಿಯವರು ಟರ್ಪೆಂಟೈನ್ ಬದಲು ಎನ್‌ಸಿ ಥಿನ್ನರ್ (ಲ್ಯಾಕರ್ ತೆಳ್ಳಗಾಗಿಸುವ ಕಟು ದ್ರಾವಕ) ಕೊಟ್ಟರೆ ಖಂಡಿತ ತರಬೇಡಿ, ಅದು ಕಿಟ್ಟನ್ನೇ ಕರಗಿಸುತ್ತದೆ.

ಪೋಸ್ಟ್ 6 · ಮಂಗಳೂರಿನಿಂದ

ಮೇಲಿನ ಉತ್ತರಕ್ಕೆ ಟ್ರ್ಯಾಕಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಸ್ಕರ್ಟ್ ಇರುವ ಜರ್ಮನ್ ಗಾಡಿಯಾಗಿದ್ದರೆ ಮೇಲಿನ ಸಾಲು ತಗಡಿನ ಹಿಂದೆ ಮುಚ್ಚಿಹೋಗುತ್ತಿತ್ತು, ಅಲ್ಲೊಂದು ಕಡೆ ಕತ್ತರಿಸಿ ಸಂದಿ ಬಿಟ್ಟರೆ ಸಾಕಿತ್ತು. ನಿಮ್ಮ ಸ್ಟುರ್ಮಿಯಲ್ಲಿ ಮೇಲಿನ ಸಾಲು ಪೂರ್ತಿ ಕಾಣುತ್ತದೆ. ಹಾಗಾಗಿ ಬಿಡಿ ಕೊಂಡಿಗಳ ಪ್ಲಾಸ್ಟಿಕ್ ಟ್ರ್ಯಾಕ್ ತರಿಸುವುದೇ ಒಳ್ಳೆಯದು. ಒಂದೊಂದು ಬದಿಗೆ ಒಂದು ಸಂಜೆ ಹೋಗುತ್ತದೆ, ಆದರೆ ಅಂಟು ಹಸಿಯಿರುವಾಗಲೇ ರೋಲರ್ ಮೇಲೆ ಮಲಗಿಸಿ ಜೋಲು ಕೊಡಬಹುದು.

ಈಗಿನ ವಿನೈಲನ್ನೇ ಉಳಿಸಿಕೊಳ್ಳುವುದಾದರೆ ಒಂದು ಕೊಂಡಿ ಸುಮಾರು 3.4 ಮಿಮೀ, ನಿಮಗೆ ಮೂರು ಕೊಂಡಿ ಕಡಿಮೆ. ಹಳೆ ಕಿಟ್‌ನ ಪಟ್ಟಿ ಇದ್ದರೆ ಮೂರು ಕೊಂಡಿ ಕತ್ತರಿಸಿ ಕೆಳಗಡೆ ನೆಲ ಮುಟ್ಟುವ ಸಾಲಿನಲ್ಲಿ ಸೇರಿಸಿ. ಅಲ್ಲಿ ಮಣ್ಣು ಮೆತ್ತಿದರೆ ಬೆಸುಗೆ ಕಾಣುವುದಿಲ್ಲ.

ಇನ್ನೊಂದು ಮಾತು. ವಿನೈಲನ್ನು ಮೆದುವಾಗಿಡಲು ಬೆರೆಸುವ ಎಣ್ಣೆಯಂಥ ಪದಾರ್ಥ ವರ್ಷಗಳು ಕಳೆದಂತೆ ಹೊರಬಂದು ಬರಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನನ್ನ ತಂದೆ ಕಟ್ಟಿದ್ದ ಒಂದು ಗಾಡಿಯನ್ನು ಹನ್ನೆರಡು ವರ್ಷದ ಮೇಲೆ ಕಪಾಟಿನಿಂದ ತೆಗೆದಾಗ ಆರೂ ಚಕ್ರ ಟ್ರ್ಯಾಕಿಗೆ ಅಂಟಿ ತಗ್ಗುಬಿದ್ದಿದ್ದವು. ಅದನ್ನು ನೋಡಿ ತುಂಬ ಸಂಕಟವಾಯಿತು. ಚಕ್ರದ ಅಂಚಿಗೆ ಎರಡು ಪದರ ಬಣ್ಣ ಕೊಟ್ಟೇ ವಿನೈಲ್ ತಾಗಿಸಿ.

ಪೋಸ್ಟ್ 7 · ಸಾಗರದಿಂದ

ಸ್ಪ್ರೂ ಪ್ರಯೋಗ ಮಾಡಿದೆ. ಬೆಳಿಗ್ಗೆ ಬಿಲ್ಲು ಎರಡು ತುಂಡಾಗಿತ್ತು, ನೇರ ತುಂಡಿಗೆ ಏನೂ ಆಗಿರಲಿಲ್ಲ. ಕಣ್ಣಾರೆ ಕಂಡ ಮೇಲೆ ಟಾರ್ಚ್ ಹಿಡಿದು ಎಡಗಡೆಯನ್ನೂ ನೋಡಿದೆ. ಸ್ಪ್ರಾಕೆಟ್ ಬುಡದಲ್ಲಿ ಕೂದಲಿನಷ್ಟು ಬಿರುಕು! ಕೂಡಲೇ ಆ ಬದಿಯ ಟ್ರ್ಯಾಕ್ ಕತ್ತರಿಸಿ ತೆಗೆದೆ, ಅದು ಮುರಿಯದೆ ಉಳಿದಿದೆ. ಬಲಗಡೆ ತಂತಿ ಹಾಕಿ ಕೂರಿಸಿ ನಾಲ್ಕು ದಿನವಾಯಿತು, ಅಲುಗಿಲ್ಲ. ಬಿಡಿ ಕೊಂಡಿಯ ಟ್ರ್ಯಾಕ್ ಹೇಳಿ ಕಳಿಸಿದ್ದೇನೆ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಎಡಗಡೆಯ ಬಿರುಕಿಗೆ ತಂತಿ ಬೇಕೇ? ದಿಮ್ಮಿಗಳಿಗೆ ತೋಟದ ಒಣ ಕಡ್ಡಿ ಬಳಸಬಹುದೇ?

ಪೋಸ್ಟ್ 8 · ಬೆಂಗಳೂರಿನಿಂದ

ಬಿರುಕಿಗೆ ತೆಳ್ಳಗಿನ ಪ್ಲಾಸ್ಟಿಕ್ ಅಂಟನ್ನು ತುದಿಬ್ರಶ್ಶಿನಲ್ಲಿ ಒಮ್ಮೆ ಎಳೆದುಕೊಳ್ಳಲು ಬಿಡಿ. ಟ್ರ್ಯಾಕ್ ಕಳಚಿರುವುದರಿಂದ ಈಗ ಎಳೆತವಿಲ್ಲ, ಬೆಸೆದುಕೊಳ್ಳುತ್ತದೆ. ಎರಡು ದಿನ ಬಿಟ್ಟು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಬಾಗಿದರೆ ಮಾತ್ರ ತಂತಿ.

ಕಡ್ಡಿ ಧಾರಾಳವಾಗಿ ಬಳಸಿ, ದಪ್ಪ ಮಾತ್ರ ನೋಡಿಕೊಳ್ಳಿ. 20 ಸೆಂಟಿಮೀಟರ್ ದಪ್ಪದ ದಿಮ್ಮಿ 1:35ರಲ್ಲಿ ಆರು ಮಿಲಿಮೀಟರಿಗೂ ಕಡಿಮೆ. ಕಾಡಿಗೆ ಹೊರಟ ಗಾಡಿಯ ಮೇಲೆ ಮರದ ಬುಡವೇ ಕೂತಂತೆ ಆಗಬಾರದು. ಕಡ್ಡಿಯನ್ನು ಒಂದು ವಾರ ಒಣಗಿಸಿ, ಹುಳ ಬೀಳದಂತೆ ಮಂಕು ವಾರ್ನಿಶ್ ಕೊಡಿ. ವಾರ್ನಿಶ್ ಹಚ್ಚುವುದು ಮಾತ್ರ ಮಳೆ ನಿಂತ ದಿನ, ಮಧ್ಯಾಹ್ನ.